ಮಾಗಿದ ನಿಂಬೆಹಣ್ಣಿನ ಬಣ್ಣ

"ಆಯ್! ಕಿತ್ತೇಬಿಟ್ಯಾ?"

ಇನ್ಸ್‌ಪೆಕ್ಟರಮ್ಮ ನೆತ್ತಿ ಹಿಡಿದುಕೊಂಡರು. ಸೊಸೆಯ ಎರಡು ಬೆರಳುಗಳ ನಡುವೆ ಒಂದು ಬಿಳಿ ಕೂದಲು ಹೊಳೆಯುತ್ತಿತ್ತು.

"ಒಂದೇ ಒಂದು ಅತ್ತೆ. ಇನ್ನೂ ಬೇಕಾದಷ್ಟಿದೆ."

"ನಿನ್ನ ತಲೇಲಿ ಕೂದಲಿಗೆ ಬರ ಬಂದಿತ್ತಾ?"

"ನನ್ನದು ಸುರುಳಿ. ಈ ಕೆಲಸಕ್ಕೆ ನಿಮ್ಮ ಹಾಗೆ ನೆಟ್ಟಗಿರೋದೇ ಆಗ್ಬೇಕು."

ಅದು ಹೊಗಳಿಕೆಯೋ ಚುಚ್ಚುಮಾತೋ ತಿಳಿಯದೆ ಇನ್ಸ್‌ಪೆಕ್ಟರಮ್ಮ ಸೊಸೆಯ ಮುಖ ನೋಡಿದರು. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ವರ್ಷಗಳೇ ಆಗಿದ್ದರೂ ಓಣಿಯವರ ಬಾಯಲ್ಲಿ ಆ ಹೆಸರು ಹಾಗೇ ನಿಂತಿತ್ತು. ಎಂಥೆಂಥ ಕಳ್ಳರ ಮುಖ ಓದಿದ ಆಕೆಗೆ ಈ ಹುಡುಗಿಯ ಮುಖ ಮಾತ್ರ ಇವತ್ತಿಗೂ ಅರ್ಧಂಬರ್ಧವೇ ಓದಲು ಬರುತ್ತಿತ್ತು.

ಅಡುಗೆಮನೆಯ ಪರದೆ ಎಳೆದಿತ್ತು, ದೀಪ ಆರಿಸಿತ್ತು. ಮೂಲೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದ ಮಗ ಗೊಣಗಿದ.

"ಬೀನ್ಸ್ ಬದಲು ಬೆರಳು ಹೆಚ್ಚಿದ್ರೆ ನನ್ನನ್ನ ಕೇಳ್ಬೇಡಿ."

"ಕೇಳಲ್ಲ. ಉಪ್ಪು ಸರಿ ಇದ್ರೆ ಸಾಕು," ಎಂದಳು ಸೊಸೆ.

ಆಕೆ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಪಾಠ ಹೇಳುವವಳು. ಪಾಠದ ವೇಳೆ ಬೋರ್ಡು ತೋರಿಸಲು ಬಳಸುವ ಲೇಸರ್ ಕಡ್ಡಿಯ ಬಾಯಿಗೆ ಆ ಕೂದಲನ್ನು ಅಡ್ಡಲಾಗಿ ಅಂಟಿಸಿ ಗುಂಡಿ ಒತ್ತಿದಳು. ಎದುರಿನ ಫ್ರಿಜ್ಜಿನ ಬಿಳಿ ಬಾಗಿಲ ಮೇಲೆ ಒಂದು ಕೆಂಪು ಚುಕ್ಕೆ ಬೀಳಬೇಕಾಗಿತ್ತು. ಬಿದ್ದದ್ದು ಒಂದು ಸಾಲು. ಕೆಂಪು, ಕಪ್ಪು, ಮತ್ತೆ ಕೆಂಪು, ಮತ್ತೆ ಕಪ್ಪು. ಬಾಚಣಿಗೆಯ ಹಲ್ಲಿನ ಹಾಗೆ.

ಇನ್ಸ್‌ಪೆಕ್ಟರಮ್ಮನ ಕನ್ನಡಕದ ಗಾಜಿನಲ್ಲೂ ಕೆಂಪು ಕುಣಿಯತೊಡಗಿತು. ಅದನ್ನು ತೆಗೆದು ಕೈಗೆ ಸಿಕ್ಕ ಬೀನ್ಸ್ ಬುಟ್ಟಿಯಲ್ಲಿಟ್ಟು ಫ್ರಿಜ್ಜಿನ ಹತ್ತಿರ ಹೋದರು.

"ಇವೇ ಕಣೇ. ನಿನ್ನೆ ಕಾರ್ಖಾನೇಲಿ ಹೇಳಿದ್ದು ಇಂಥ ಗೆರೆಗಳ ವಿಷಯವೇ."

ನಿನ್ನೆ ಲೆನ್ಸ್ ಕಾರ್ಖಾನೆಯ ತಾಯಿಗಾಜು ಕಾಣೆಯಾಗಿತ್ತು. ಕದ್ದದ್ದು ಅಲ್ಲಿ ಗಾಜು ಉಜ್ಜುವ ನುಣುಪಕ್ಕ ಎಂದು ಇಬ್ಬರು ಸಾಕ್ಷಿ ಹೇಳಿದ್ದರು. ವಿಚಾರಿಸಿ ನೋಡಿ ಎಂದು ಯಜಮಾನರು ಇನ್ಸ್‌ಪೆಕ್ಟರಮ್ಮನನ್ನು ಕರೆಸಿದ್ದರು.

ತಾಯಿಗಾಜು ಎಂದರೆ ಅಂಗೈಯಗಲದ ಒಂದು ಗಾಜಿನ ಬಿಲ್ಲೆ. ಕಾರ್ಖಾನೆಯ ಯಜಮಾನರು ತಮ್ಮ ಪ್ರಾಯದಲ್ಲಿ ಕೈಯಾರೆ ಉಜ್ಜಿ ಮಾಡಿದ್ದು. ಅಲ್ಲಿ ತಯಾರಾಗುವ ಪ್ರತಿಯೊಂದು ಲೆನ್ಸನ್ನೂ ಅದರ ಮೇಲೆ ಕೂರಿಸಿ, ಹಳದಿ ದೀಪದ ಕೆಳಗೆ ನೋಡಬೇಕು. ಎರಡು ಗಾಜುಗಳ ನಡುವೆ ಕಪ್ಪು ಗೆರೆಗಳು ಮೂಡುತ್ತವೆ. ಗೆರೆ ಸರಿಯಿದ್ದರೆ ಲೆನ್ಸ್ ಸರಿ. ಗೆರೆ ಸೊಟ್ಟಗಿದ್ದರೆ ಮತ್ತೆ ಉಜ್ಜುವ ಮಣೆಗೆ. ಆ ಬಿಲ್ಲೆ ಇಲ್ಲದೆ ಅಲ್ಲಿಂದ ಒಂದು ಲೆನ್ಸೂ ಹೊರಗೆ ಹೋಗುವಂತಿರಲಿಲ್ಲ.

"ಗೆರೆ ಯಾಕೆ ಬರುತ್ತೆ ಹೇಳು. ನನ್ನ ಕೂದಲು ಕಿತ್ತಿದ್ದಕ್ಕಾದ್ರೂ ನ್ಯಾಯ ಸಿಗಲಿ."

"ಕೂದಲು ಈ ಬೆಳಕನ್ನ ಎರಡು ಪಾಲು ಮಾಡ್ತು ಅತ್ತೆ. ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು. ಬೆಳಕು ಅಂದ್ರೆ ಅಲೆ ತಾನೇ? ಎರಡೂ ಅಲೆ ಫ್ರಿಜ್ ಮುಟ್ಟೋವಾಗ ಉಬ್ಬಿಗೆ ಉಬ್ಬು ಸೇರಿದ ಕಡೆ ಬೆಳಕು. ಒಂದರ ಉಬ್ಬಿಗೆ ಇನ್ನೊಂದರ ತಗ್ಗು ಸಿಕ್ಕಿದ ಕಡೆ ಕತ್ತಲು."

"ಬೆಳಕಿಗೆ ಬೆಳಕು ಸೇರಿಸಿದ್ರೆ ಕತ್ತಲಾ? ನಿಮ್ಮ ಕಾಲೇಜಲ್ಲಿ ಇದಕ್ಕೂ ಸಂಬಳ ಕೊಡ್ತಾರಲ್ಲ."

ಸೊಸೆ ನಗುತ್ತಾ ಮೇಜಿನ ಖಾನೆಯಿಂದ ಎರಡು ಟಾರ್ಚು ತೆಗೆದಳು. ಒಂದೇ ಅಂಗಡಿಯಲ್ಲಿ, ಒಂದೇ ದಿನ ಕೊಂಡವು. ಎರಡನ್ನೂ ಹಚ್ಚಿ ಫ್ರಿಜ್ಜಿನ ಮೇಲೆ ಬಿಟ್ಟಳು.

"ಈಗ ಗೆರೆ ಕಾಣುತ್ತಾ?"

"ಇಲ್ಲ. ಬರೀ ಬೆಳಕು. ಜೊತೆಗೆ ನಿನ್ನ ಗಂಡನ ಕೈಯ ಜಿಡ್ಡಿನ ಗುರುತು."

"ಅಮ್ಮಾ!"

"ಕಾಣಲ್ಲ," ಎಂದಳು ಸೊಸೆ. "ಅವಳಿಜವಳಿ ಟಾರ್ಚಾದ್ರೂ ಅವುಗಳ ಪಾಡು ಅವುಗಳಿಗೆ. ಈ ಟಾರ್ಚಿನ ಅಲೆ ಯಾವಾಗ ಏಳುತ್ತೆ, ಅದರದು ಯಾವಾಗ ಏಳುತ್ತೆ, ಒಂದಕ್ಕೊಂದು ಸಂಬಂಧವೇ ಇಲ್ಲ. ಕಣ್ಣು ಮಿಟುಕಿಸೋದರೊಳಗೆ ಗೆರೆಗಳು ಲೆಕ್ಕವಿಲ್ಲದಷ್ಟು ಸಲ ಜಾಗ ಬದಲಾಯಿಸಿ ಕಲಸಿಹೋಗ್ತವೆ. ಗೆರೆ ನಿಲ್ಲಬೇಕಾದ್ರೆ ಎರಡು ಬೆಳಕಿನ ಹೆಜ್ಜೆ ಕೂಡಬೇಕು, ಕೂಡಿದ್ದು ತಪ್ಪಬಾರದು. ಅದಕ್ಕೆ ಇರೋ ದಾರಿ ಒಂದೇ. ಎರಡೂ ಒಂದೇ ಮೂಲದಿಂದ ಹೊರಟಿರಬೇಕು. ಪುಸ್ತಕದಲ್ಲಿ ಅಂಥವನ್ನ ಸಂಸಕ್ತ ಆಕರ ಅಂತಾರೆ. ಟಾರ್ಚುಗಳ ಥರದ್ದು ಅಸಂಸಕ್ತ."

"ಪುಸ್ತಕದವರಿಗೆ ನಾಲಿಗೆ ಹೊರಳುತ್ತೆ, ನಂಗೆ ಹೊರಳಲ್ಲ. ತಾಯಿಗಾಜಿನ ವಿಷಯ ಹೇಳು."

"ಅಲ್ಲೂ ಅಷ್ಟೇ. ದೀಪದ ಬೆಳಕಿನ ಒಂದು ಪಾಲು ಲೆನ್ಸಿನ ತಳದಿಂದ ಮೇಲಕ್ಕೆ ಚಿಮ್ಮುತ್ತೆ. ಇನ್ನೊಂದು ಪಾಲು ಇನ್ನೊಂಚೂರು ಕೆಳಗಿಳಿದು ತಾಯಿಗಾಜಿನ ಮೈಯಿಂದ ಚಿಮ್ಮುತ್ತೆ. ಎರಡೂ ಒಂದೇ ಬೆಳಕಿನ ಮಕ್ಕಳು. ಅದಕ್ಕೇ ಗೆರೆ."

ಸೊಸೆ ಟಾರ್ಚು ಆರಿಸಿ, ಪರದೆ ಸರಿಸಿ, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರೂ ಇನ್ಸ್‌ಪೆಕ್ಟರಮ್ಮ ಫ್ರಿಜ್ಜಿನ ಮುಂದೆಯೇ ನಿಂತಿದ್ದರು.

"ಎರಡು ಬಾಯಿ," ಎಂದರು ಕೊನೆಗೆ. "ಒಂದೇ ಮಾತು."

"ಏನು?"

"ನಿನ್ನೆ ಗೇಟು ಕಾಯೋ ಗೇಟಜ್ಜನನ್ನ ಬೇರೆ ಕೂರಿಸಿ ಕೇಳಿದೆ. ಪ್ಯಾಕಿಂಗ್ ಮಾಡೋ ಡಬ್ಬಿಯಣ್ಣನನ್ನ ಬೇರೆ ಕೂರಿಸಿ ಕೇಳಿದೆ. ಗೇಟಜ್ಜ ಹೇಳಿದ್ದು ಇದು. ಊಟದ ಬಿಡುವಲ್ಲಿ ನುಣುಪಕ್ಕ ಒಬ್ಬಳೇ ಪರೀಕ್ಷೆ ಕೋಣೆಗೆ ಹೋದಳು, ದೀಪ ಹಾಕಿದಳು, ಕೋಣೆಯೆಲ್ಲ ಮಾಗಿದ ನಿಂಬೆಹಣ್ಣಿನ ಬಣ್ಣ ಆಯ್ತು, ತಾಯಿಗಾಜನ್ನ ನೀಲಿ ಬಟ್ಟೇಲಿ ಸುತ್ತಿದಳು, ದೀಪ ಆರಿಸಿ ಹಿಂದೆ ತಿರುಗಿ ನೋಡದೆ ಹೊರಟಳು. ಡಬ್ಬಿಯಣ್ಣನೂ ಅದನ್ನೇ ಅಂದ. ಅದೇ ನಿಂಬೆಹಣ್ಣು, ಅದೇ ನೀಲಿ ಬಟ್ಟೆ, ಅದೇ 'ಹಿಂದೆ ತಿರುಗಿ ನೋಡದೆ'."

"ಇಬ್ಬರೂ ನೋಡಿದ್ದು ಒಂದೇ ಆದ್ರೆ ಹೇಳೋದೂ ಒಂದೇ ಇರುತ್ತಲ್ಲ ಅತ್ತೆ?"

ಇನ್ಸ್‌ಪೆಕ್ಟರಮ್ಮ ಮಗನ ಕಡೆ ತಿರುಗಿದರು. "ಬೆಳಿಗ್ಗೆ ಹಾಲು ಹೇಗೆ ಉಕ್ಕಿತು ಹೇಳಪ್ಪ."

"ನಾನು ಬರೋ ಹೊತ್ತಿಗೆ ಉಕ್ಕಿ ಆಗಿತ್ತು. ಉರಿ ಜಾಸ್ತಿ ಇಟ್ಟಿದ್ದು ಇವಳು."

"ನಾನಾ?" ಸೊಸೆ ಸೊಂಟಕ್ಕೆ ಕೈ ಕೊಟ್ಟಳು. "ಒಲೆ ಮುಂದೆ ನಿಂತು ಫೋನ್ ನೋಡ್ತಿದ್ದವರು ಯಾರು? ಹಾಲು ಇನ್ನೂ ಏರ್ತಾ ಇತ್ತು, ನಾನೇ ಓಡಿ ಬಂದು..."

"ಏರ್ತಾ ಇರ್ಲಿಲ್ಲ, ಇಳಿದಿತ್ತು!"

"ಸಾಕು, ಸಾಕು." ಇನ್ಸ್‌ಪೆಕ್ಟರಮ್ಮ ನಕ್ಕರು. "ನೋಡಿದ್ಯಾ? ಹಾಲು ಒಂದೇ, ಒಲೆ ಒಂದೇ. ನಿಜವಾಗಿ ಕಂಡವರು ಹೀಗೆ ಕಿತ್ತಾಡ್ತಾರೆ. ನನ್ನ ಇಡೀ ಸರ್ವೀಸಿನಲ್ಲಿ ಇಬ್ಬರು ಸಾಕ್ಷಿಗಳು ಸೀರೆಯ ಬಣ್ಣ ಒಂದೇ ಹೇಳಿದ್ದು ನಾನು ಕಾಣೆ. ಇವರಿಬ್ಬರೂ ಇಷ್ಟು ಹೆಜ್ಜೆ ಕೂಡಿ ಹೇಳ್ತಾರೆ ಅಂದ್ರೆ ಎರಡು ಟಾರ್ಚಲ್ಲ ಕಣೇ ಅವು. ಒಂದೇ ಮೂಲ. ಯಾರೋ ಒಬ್ಬರು ಇಬ್ಬರಿಗೂ ಹೇಳಿಕೊಟ್ಟಿದ್ದಾರೆ."

ಸೊಸೆ ಸೌಟು ಹಿಡಿದವಳು ಹಾಗೇ ನಿಂತಿದ್ದಳು.

"ಅತ್ತೆ, ಇನ್ನೊಂದು ಸಲ ಹೇಳಿ. ದೀಪ ಹಾಕಿದ ತಕ್ಷಣ ನಿಂಬೆಹಣ್ಣಿನ ಬಣ್ಣವಾ?"

"ತಕ್ಷಣ. ಇಬ್ಬರೂ ಅದನ್ನೇ ಅಂದ್ರು."

ಸೊಸೆಯ ಮುಖದಲ್ಲಿ ನಿಧಾನಕ್ಕೆ ನಗು ಹರಡಿತು. ಸೌಟನ್ನು ಗಂಡನ ಕೈಗಿತ್ತಳು.

"ನಡೀರಿ. ಬಾಯಲ್ಲಿ ಹೇಳಲ್ಲ, ಅಲ್ಲೇ ತೋರಿಸ್ತೀನಿ."

* * *

ಬಸ್ಸು ಹತ್ತಿ ಕೂತ ಮೇಲೆ ಇನ್ಸ್‌ಪೆಕ್ಟರಮ್ಮ ಮೂಗು ಮುಟ್ಟಿಕೊಂಡರು.

"ಕನ್ನಡಕ ಬೀನ್ಸ್ ಬುಟ್ಟಿಯಲ್ಲೇ ಉಳೀತಲ್ಲೇ."

"ನಿಮ್ಮ ಮಗ ಹೆಚ್ಚಿಹಾಕದಿದ್ರೆ ಸಾಕು. ವಾಪಸ್ ಹೋಗೋಣ್ವಾ?"

"ಬೇಡ. ಓದೋಕೆ ತಾನೇ ಅದು ಬೇಕಿರೋದು? ಕಳ್ಳರನ್ನ ಹಿಡಿಯೋಕೆ ಏನೂ ಬೇಡ."

ಹೊತ್ತು ಕಳೆಯುವಂತಿರಲಿಲ್ಲ. ಯಜಮಾನರ ಅಳಿಯ ನಿನ್ನೆಯೇ ಠಾಣೆಗೆ ಫೋನ್ ಮಾಡಿದ್ದ. ಇವತ್ತು ಪೊಲೀಸರು ಬರುವುದರೊಳಗೆ ಬೇರೆ ದಾರಿ ಕಾಣದಿದ್ದರೆ ನುಣುಪಕ್ಕ ಜೀಪು ಹತ್ತಬೇಕು. ಪ್ರಾಯವೆಲ್ಲ ಆ ಕಾರ್ಖಾನೆಯ ಉಜ್ಜುವ ಮಣೆಯ ಮುಂದೆಯೇ ಕಳೆದವಳು ಅವಳು. ಅವಳ ಕೈಗೆ ಬಂದ ಗಾಜು ನೀರಿನ ಹನಿಯಷ್ಟು ನಯವಾಗುತ್ತಿತ್ತು, ಅದಕ್ಕೇ ಆ ಹೆಸರು.

ಇನ್ಸ್‌ಪೆಕ್ಟರಮ್ಮನನ್ನು ಕೊರೆಯುತ್ತಿದ್ದದ್ದು ಬೇರೆಯೇ. ನಿನ್ನೆ ನುಣುಪಕ್ಕ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. "ಅವರು ನೋಡಿದೀವಿ ಅಂದ್ರೆ ನೋಡಿರ್ಬೇಕು ಬಿಡಿ," ಎಂದು ಕೈಯ ಪಾಲಿಶ್ ಪುಡಿ ಒರೆಸಿಕೊಂಡಿದ್ದಳು. ಕಳ್ಳಿಯೂ ಹಾಗೆ ಹೇಳುವುದಿಲ್ಲ, ಕದಿಯದವಳೂ ಹೇಳುವುದಿಲ್ಲ.

"ಹೇಳಿಕೊಟ್ಟವರು ಯಾರಿರಬಹುದು ಅತ್ತೆ?"

"ನಿಂಗ್ಯಾರ ಮೇಲೆ ಅನುಮಾನ?"

"ಅಳಿಯನ ಮೇಲೆ. ಕಾರ್ಖಾನೆ ಮುಚ್ಚಿ ಜಾಗ ಮಾರೋಣ ಅಂತ ಮಾವನ ಹಿಂದೆ ಬಿದ್ದಿದಾನಂತೆ. ತಾಯಿಗಾಜು ಹೋದ್ರೆ ಕೆಲಸ ನಿಂತ ಹಾಗೇ. ನುಣುಪಕ್ಕನೂ ಹೋದ್ರೆ ಮುಗೀತು."

"ನನಗೂ ಅವನ ಮೇಲೇ. ಅದಕ್ಕೇ ಸ್ವಲ್ಪ ಹೆದರಿಕೆ."

"ಯಾಕೆ?"

"ನಾವಿಬ್ಬರೂ ಒಂದೇ ಮಾತು ಆಡಿದ್ದು ಮದುವೆ ಆದ ಮೇಲೆ ಇದೇ ಮೊದಲು."

* * *

ಕಾರ್ಖಾನೆ ಎಂದರೆ ಉದ್ದನೆಯ ಒಂದು ಹಾಲ್, ಅದರ ಕೊನೆಯಲ್ಲಿ ಕಿಟಕಿಯಿಲ್ಲದ ಪರೀಕ್ಷೆ ಕೋಣೆ. ತೊಟ್ಟಿಕ್ಕುವ ನೀರು, ತಿರುಗುವ ಮಣೆಗಳ ಗೊರಗೊರ ಸದ್ದು, ಒದ್ದೆ ಪುಡಿಯ ವಾಸನೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಯಜಮಾನರು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಯಲ್ಲೊಂದು ಲೆನ್ಸ್, ಹೆಬ್ಬೆರಳು ಅದರ ಅಂಚನ್ನು ಸುತ್ತುತ್ತಲೇ ಇತ್ತು.

"ಯಾರು?"

"ನಾನೇ ಯಜಮಾನರೇ. ಸೊಸೇನೂ ಬಂದಿದಾಳೆ."

ಅವರ ಮುಖ ಅರಳಿತು. "ಇನ್ಸ್‌ಪೆಕ್ಟರಮ್ಮ! ಬನ್ನಿ, ಬನ್ನಿ. ಹೊಸ ಕನ್ನಡಕ ಹೇಗಿದೆ? ನಿಮ್ಮ ಮುಖಕ್ಕೆ ಚೆನ್ನಾಗಿ ಒಪ್ಪುತ್ತೆ ನೋಡಿ. ನಾನು ಅವತ್ತೇ ಹೇಳಿರಲಿಲ್ವಾ?"

ಸೊಸೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಮರೆತು ಬಂದದ್ದಕ್ಕೆ ಮುದುಕರು ಕುಟುಕುತ್ತಿದ್ದಾರೆಂದು ಇನ್ಸ್‌ಪೆಕ್ಟರಮ್ಮನಿಗೆ ನಾಚಿಕೆಯಾಯಿತು.

"ಒಪ್ಪುತ್ತೆ, ಒಪ್ಪುತ್ತೆ. ನೀವು ಅಣಕಿಸೋದು ಬಿಡಲ್ಲ."

ಯಜಮಾನರು ಏನೂ ತಿಳಿಯದವರ ಹಾಗೆ ಹುಬ್ಬೇರಿಸಿ, ಆಮೇಲೆ ತಾವೂ ನಕ್ಕರು. ನಗು ನಿಂತಾಗ ದನಿ ತಗ್ಗಿತು.

"ನನಗೆ ಒಂದು ಉಪಕಾರ ಮಾಡಿ. ಅವಳು ಕದ್ದಿಲ್ಲ ಅಂತ ಹೇಳಿಬಿಡಿ. ಆಧಾರ ಏನೂ ಬೇಡ, ನೀವು ಹೇಳಿದ್ರೆ ಸಾಕು. ಈ ಕೈಯಲ್ಲಿ ಕೆಲಸ ಕಲಿಸಿದ ಹುಡುಗಿ ಅವಳು. ಅವರಿಬ್ಬರೂ ಎರಡೆರಡು ಸಲ ನನ್ನ ಮುಂದೆ ಹೇಳಿದ್ರು. ನಾನೇನು ಮಾಡಲಿ? ನಾನು ನೋಡಿದ್ದಲ್ಲ, ಅವರು ನೋಡಿದ್ದು."

"ಮಾವ, ಅವರೇ ನೋಡಿದ ಮೇಲೆ ಇನ್ನೇನು ಉಳೀತು?" ಅಳಿಯ ಕಾರಿನ ಕೀ ಗೊಂಚಲನ್ನು ಬೆರಳಿಗೆ ಸುತ್ತಿ ತಿರುಗಿಸುತ್ತಾ ಒಳಗೆ ಬಂದ. ಝಣ್, ಝಣ್. "ಪೊಲೀಸರು ಸಂಜೆ ಅಂತ ಅಂದಿದ್ರು, ಈಗಲೇ ಬರ್ತಾರಂತೆ. ಪಾಪ, ವಯಸ್ಸಾದವಳು, ಗೌರವವಾಗೇ ಕರ್ಕೊಂಡು ಹೋಗಿ ಅಂತ ಹೇಳಿದೀನಿ."

"ಗೌರವವಾಗಿ ಜೀಪು ಹತ್ತಿಸೋದು ಹೇಗೆ ಅಂತ ನನಗೂ ಹೇಳಿಕೊಡಪ್ಪ," ಎಂದರು ಇನ್ಸ್‌ಪೆಕ್ಟರಮ್ಮ. "ಅಷ್ಟು ವರ್ಷ ಕೆಲಸ ಮಾಡಿದ್ರೂ ನನಗೆ ಗೊತ್ತಾಗಲೇ ಇಲ್ಲ."

ಕೀ ಗೊಂಚಲು ನಿಂತಿತು.

"ಯಜಮಾನರೇ, ನೀವಿಬ್ಬರೂ ಸ್ವಲ್ಪ ಹೊತ್ತು ಇಲ್ಲೇ ಇರಿ. ಗೇಟಜ್ಜ, ಡಬ್ಬಿಯಣ್ಣ, ನುಣುಪಕ್ಕ, ಮೂವರೇ ಪರೀಕ್ಷೆ ಕೋಣೆಗೆ ಬರಲಿ."

* * *

ಕೋಣೆಯ ಗೋಡೆಗೆ ಕಪ್ಪು ಬಣ್ಣ. ನಡುವೆ ಸಣ್ಣ ಮೇಜು, ಅದರ ಮೇಲೆ ತಗಡಿನ ಗೂಡಿನೊಳಗೆ ದೀಪ. ತಾಯಿಗಾಜು ಇರಬೇಕಾಗಿದ್ದ ಜಾಗದಲ್ಲಿ ದುಂಡಗಿನ ಒಂದು ಬನಾತಿನ ಉಣ್ಣೆಹಾಸು ಖಾಲಿ ಬಿದ್ದಿತ್ತು.

ಸೊಸೆ ದೀಪದ ಗೂಡಿಗೆ ಅಂಗೈ ಇಟ್ಟು ನೋಡಿದಳು. "ತಣ್ಣಗಿದೆ."

"ಬೆಳಿಗ್ಗೆಯಿಂದ ಹಾಕಿಲ್ಲಮ್ಮ," ಎಂದಳು ನುಣುಪಕ್ಕ. "ನೋಡೋಕೆ ಗಾಜೇ ಇಲ್ವಲ್ಲ."

"ಊಟದ ಹೊತ್ತಲ್ಲೂ ಆರಿಸ್ತೀರಾ?"

"ಆರಿಸ್ಲೇಬೇಕು. ಯಜಮಾನರ ಕಟ್ಟಪ್ಪಣೆ. ಊಟ ಮುಗಿಸಿ ಬರೋ ಹೊತ್ತಿಗೆ ಹೀಗೇ ತಣ್ಣಗಾಗಿರುತ್ತೆ."

ಇನ್ಸ್‌ಪೆಕ್ಟರಮ್ಮ ಬಾಗಿಲು ಮುಚ್ಚಿದರು. ಕತ್ತಲಲ್ಲಿ ಯಾರದೋ ಉಸಿರು ಕೇಳಿಸಿತು.

"ಗೇಟಜ್ಜ, ನಿನ್ನೆ ನೀವು ಎಲ್ಲಿದ್ರಿ?"

"ಅಲ್ಲೇ ಅಮ್ಮ. ಹಾಲ್ ಬಾಗಿಲ ಹತ್ರ."

"ಡಬ್ಬಿಯಣ್ಣ, ನೀನು?"

"ನನ್ನ ಮೇಜಿನ ಹತ್ರ. ಈ ಬಾಗಿಲು ತೆರೆದಿತ್ತು, ಎಲ್ಲ ಕಾಣ್ತಿತ್ತು."

"ಇವಳು ದೀಪ ಹಾಕಿದಳು. ಆಮೇಲೆ?"

"ಕೋಣೆಯೆಲ್ಲ ಮಾಗಿದ ನಿಂಬೆಹಣ್ಣಿನ ಬಣ್ಣ ಆಯ್ತು," ಎಂದ ಡಬ್ಬಿಯಣ್ಣ.

"ನಿಂಬೆಹಣ್ಣಿನ ಬಣ್ಣ," ಎಂದ ಗೇಟಜ್ಜ, ಒಂದು ಉಸಿರು ಹಿಂದೆ.

"ಹಾಕಮ್ಮ ದೀಪ," ಎಂದರು ಇನ್ಸ್‌ಪೆಕ್ಟರಮ್ಮ ಸೊಸೆಗೆ.

ಟಕ್ ಎಂದಿತು ಸ್ವಿಚ್ಚು. ಗೂಡಿನೊಳಗೆ ಏನೋ ಸಣ್ಣಗೆ ಗುಂಯ್‌ಗುಟ್ಟಿತು. ಆಮೇಲೆ ಬೆಳಕು ಬಂತು.

ನಿಂಬೆಹಣ್ಣಿನ ಬಣ್ಣವಲ್ಲ, ದಾಳಿಂಬೆ ಕಾಳಿನದು.

ಕಪ್ಪು ಗೋಡೆ, ಖಾಲಿ ಬನಾತು, ಗೇಟಜ್ಜನ ಬಿಳಿ ಮೀಸೆ, ಎಲ್ಲದರ ಮೇಲೂ ತೆಳುವಾದ ಕೆಂಪು ಹರಡಿತು. ಡಬ್ಬಿಯಣ್ಣ ಎರಡು ಹೆಜ್ಜೆ ಹಿಂದೆ ಸರಿದ.

"ಇದೇನು? ಕೆಟ್ಟುಹೋಯ್ತಾ?"

"ಕೆಟ್ಟಿಲ್ಲ," ಎಂದಳು ಸೊಸೆ, ಲ್ಯಾಬಿನಲ್ಲಿ ಮಕ್ಕಳಿಗೆ ಹೇಳುವಷ್ಟೇ ಮೆಲ್ಲಗೆ. "ಇದು ಸೋಡಿಯಂ ದೀಪ ಅಣ್ಣ. ಹಾಕಿದಾಗ ಹೀಗೇ ಕೆಂಪಗಿರುತ್ತೆ. ಒಳಗಿನ ಲೋಹ ಕಾದು ಆವಿಯಾದ ಮೇಲೇ ಹಳದಿ ಆಗೋದು. ಅಷ್ಟು ಹೊತ್ತಲ್ಲಿ ಒಂದು ಲೋಟ ಚಹಾ ಆರಿಹೋಗುತ್ತೆ. ಗಾಜು ಸುತ್ತಿಕೊಂಡು ಓಡೋರು ಅಷ್ಟು ಹೊತ್ತು ನಿಲ್ತಾರಾ?"

ಡಬ್ಬಿಯಣ್ಣ ಗೇಟಜ್ಜನ ಮುಖ ನೋಡಿದ.

"ಸುಳ್ಳು ಹೇಳೋರು ಇಬ್ಬರಾದ್ರೆ ತಪ್ಪೂ ಎರಡು ಥರ ಇರುತ್ತೆ," ಎಂದರು ಇನ್ಸ್‌ಪೆಕ್ಟರಮ್ಮ. "ನಿಮ್ಮಿಬ್ಬರದೂ ಒಂದೇ ತಪ್ಪು. ನೀವು ಏನೂ ನೋಡಿಲ್ಲ. ಬೇರೆ ಯಾರೋ ಹೇಳಿಕೊಟ್ಟಿದ್ದನ್ನ ಹೇಳಿದೀರಿ. ನಾನು ಬಯ್ಯಲ್ಲ ಅಜ್ಜ. ಹೆದರಿಸಿದ್ರಾ? ಕೆಲಸದಿಂದ ತೆಗೀತೀನಿ ಅಂದ್ರಾ?"

ಹೇಳುತ್ತಲೇ ಆಕೆ ಬಾಗಿಲ ಕಡೆ ನೋಡಿದರು. ಹೊರಗೆ ಕೀ ಗೊಂಚಲು ಝಣ್ ಎನ್ನುತ್ತಿತ್ತು. ಗೇಟಜ್ಜ ಮಾತ್ರ ಬಾಗಿಲ ಕಡೆ ನೋಡಲಿಲ್ಲ. ಅವನ ಕಣ್ಣು ತುಂಬಿಕೊಂಡಿತ್ತು, ಮತ್ತು ಆ ಕಣ್ಣು ಪಕ್ಕದಲ್ಲೇ ನಿಂತವಳ ಮೇಲಿತ್ತು.

"ನನ್ನ ಕೈಲಿ ಆಗಲ್ಲ ತಾಯಿ," ಎಂದ ನುಣುಪಕ್ಕನಿಗೆ. "ನಿಂಗೆ ಮಾತು ಕೊಟ್ಟಿದ್ದೆ, ನಿಜ. ಆದ್ರೆ ಆಗಲ್ಲ."

"ಅಜ್ಜಾ, ಸುಮ್ನಿರಿ."

"ಅಕ್ಕನೇ ಹೇಳಿಕೊಟ್ಟಿದ್ದು ಇನ್ಸ್‌ಪೆಕ್ಟರಮ್ಮ," ಡಬ್ಬಿಯಣ್ಣನ ದನಿ ಒಡೆಯಿತು. "ಇಬ್ಬರನ್ನೂ ಒಟ್ಟಿಗೆ ಕೂರಿಸ್ಕೊಂಡು ಹೇಳಿಕೊಟ್ರು. ತಾನೇ ಕದ್ದಿದ್ದು ಅಂತ ಹೇಳಿ ಅಂದ್ರು. ನಾವು ಒಲ್ಲೆ ಅಂದ್ವಿ. ಕೈ ಮುಗಿದ್ರು. ನನ್ನನ್ನ ಎತ್ತಿ ಆಡಿಸಿದ ಅಕ್ಕ ಕೈ ಮುಗಿದ್ರೆ ನಾವೇನು ಮಾಡೋದು?"

ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೆ ಕಟ್ಟಿದ್ದ ಲೆಕ್ಕವೆಲ್ಲ ನೆಲಕ್ಕೆ ಬಿದ್ದಿತ್ತು.

"ನೀವೇನಾ?" ಎಂದಳು. "ದಿನಾ ಬೆಳಿಗ್ಗೆ ಈ ದೀಪ ಹಾಕೋರು ನೀವು. ಮೊದಲು ಕೆಂಪಗಿರುತ್ತೆ ಅಂತ ನಿಮಗೆ ಗೊತ್ತಿಲ್ವಾ?"

ನುಣುಪಕ್ಕ ಸೋತವಳ ಹಾಗೆ ನಕ್ಕಳು. ಅವಳ ಉಗುರ ಸಂದಿಯ ಪಾಲಿಶ್ ಪುಡಿ ಆ ಬೆಳಕಿನಲ್ಲಿ ಇನ್ನಷ್ಟು ಕೆಂಪಗೆ ಕಂಡಿತು.

"ಗೊತ್ತಿದೆ ಮಗಳೇ. ಹೇಳಿಕೊಡೋವಾಗ ಹೊಳೀಲಿಲ್ಲ. ಹಳದಿ ದೀಪ, ಹಳದಿ ದೀಪ ಅಂತ ಅಂದು ಅಂದು ಬಾಯಿಗೆ ಅದೇ ಬಂದುಬಿಡ್ತು. ಸುಳ್ಳು ಹೇಳಿ ಅಭ್ಯಾಸ ಇಲ್ಲ ನೋಡು."

"ಗಾಜು ಎಲ್ಲಿದೆ?" ಇನ್ಸ್‌ಪೆಕ್ಟರಮ್ಮ ಅವಳ ಭುಜದ ಮೇಲೆ ಕೈಯಿಟ್ಟರು.

"ನನ್ನಾಣೆ, ಗೊತ್ತಿಲ್ಲ."

"ಗೊತ್ತಿಲ್ಲದ ಕಳ್ಳತನವನ್ನ ಮೈಮೇಲೆ ಎಳ್ಕೊಂಡು ಜೈಲಿಗೆ ಹೋಗ್ತೀಯಾ? ನಿಂಗೇನು ತಲೆ ಕೆಟ್ಟಿದ್ಯಾ?"

"ಹುಡುಕೋಕೆ ಶುರು ಮಾಡಿದ್ರೆ ಕೊನೇಲಿ ಮುಟ್ಟಿದವರು ಯಾರು, ಹೇಗೆ ಹಿಡಿದ್ರು, ಎಲ್ಲಿಟ್ರು ಅಂತೆಲ್ಲ ಕೇಳ್ತಾರಮ್ಮ. ಕಳ್ಳಿ ಸಿಕ್ಕಿದ್ರೆ ಯಾರೂ ಏನೂ ಕೇಳಲ್ಲ." ಅವಳು ತುಟಿ ಕಚ್ಚಿದಳು. "ಇಷ್ಟು ಸಾಕು. ಇನ್ನು ಕೇಳ್ಬೇಡಿ."

ಇನ್ಸ್‌ಪೆಕ್ಟರಮ್ಮ ಬಿಡಲಿಲ್ಲ. "ಹೇಳಿಕೊಡೋವಾಗ ನಿಂಗೆ ಹೊಳೀಲಿಲ್ಲ, ಒಪ್ಪಿದೆ. ಇವರಿಬ್ಬರಿಗೆ ಗೊತ್ತೇ ಇರ್ಲಿಲ್ಲ, ಅದೂ ಒಪ್ಪಿದೆ. ಆದ್ರೆ ಈ ದೀಪ ತಂದು ಇಲ್ಲಿಟ್ಟವರು ಯಜಮಾನರು. ಅವರ ಮುಂದೆ ಎರಡೆರಡು ಸಲ ಹೇಳಿದ್ರಂತೆ. ಹಾಕಿದ ತಕ್ಷಣ ಹಳದಿ ಅಂದಾಗ ಅವರು ಯಾಕೆ..."

"ಅವರ ಸುದ್ದಿ ಬೇಡ!"

ನುಣುಪಕ್ಕನ ದನಿ ಕೋಣೆಯ ಗೋಡೆಗೆ ಬಡಿದು ಬಂತು. ಎರಡು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಹೆದರಿಕೆ ಕಂಡಿತು.

ಆಗಲೇ ಬಾಗಿಲು ತೆರೆಯಿತು.

ಯಜಮಾನರು ಒಳಗೆ ಬಂದರು. ಎಡಗೈಯ ಬೆರಳುಗಳು ಗೋಡೆಯ ಮೇಲೆ ಹಗುರಾಗಿ ಜಾರುತ್ತಾ ಬಂದವು, ಮೇಜಿನ ಅಂಚು ಸಿಕ್ಕಿದ ಮೇಲೆ ಅಲ್ಲಿ ನಿಂತವು. ಹಿಂದೆಯೇ ಅಳಿಯ.

"ಯಾಕೆ ಕೂಗಾಟ? ದೀಪ ಹಾಕಿದ ಸದ್ದು ಕೇಳಿಸ್ತು." ಅವರು ಗೂಡಿನ ಕಡೆ ಮುಖ ತಿರುಗಿಸಿ ನಿಟ್ಟುಸಿರು ಬಿಟ್ಟರು. "ಹಾಂ. ನೋಡಿ, ಹಳದಿ. ಮಾಗಿದ ನಿಂಬೆಹಣ್ಣೇ. ಅವರು ಹೇಳಿದ್ದು ಸರಿಯಾಗೇ ಇದೆ, ನನ್ನ ಕರ್ಮ."

ಅವರ ಬಿಳಿ ಅಂಗಿಯ ತುಂಬ ದಾಳಿಂಬೆಯ ಕೆಂಪು ಹರಡಿತ್ತು.

ಇನ್ಸ್‌ಪೆಕ್ಟರಮ್ಮನ ಕೈ ತಾನಾಗಿಯೇ ಮೂಗಿನ ಮೇಲೆ ಹೋಯಿತು. ಅಲ್ಲಿ ಕನ್ನಡಕವಿರಲಿಲ್ಲ. ನಿಮ್ಮ ಮುಖಕ್ಕೆ ಚೆನ್ನಾಗಿ ಒಪ್ಪುತ್ತೆ ನೋಡಿ. ಅದು ಅಣಕವಾಗಿರಲಿಲ್ಲ.

ಊರಿನ ಅರ್ಧ ಜನರ ಕಣ್ಣಿಗೆ ಗಾಜು ಕೊಟ್ಟ ಮನುಷ್ಯನಿಗೇ ಕಣ್ಣು ಕಾಣುತ್ತಿರಲಿಲ್ಲ. ತಾಯಿಗಾಜನ್ನು ಕೊನೆಯಲ್ಲಿ ಮುಟ್ಟಿದವರೂ ಅವರೇ ಇರಬೇಕು.

"ಹೌದು ಯಜಮಾನರೇ," ಎಂದಳು ನುಣುಪಕ್ಕ. ಕೆನ್ನೆಯ ಮೇಲೆ ನೀರಿಳಿಯುತ್ತಿದ್ದರೂ ದನಿ ಅಲುಗಲಿಲ್ಲ. "ಹಳದಿ."

"ಹಳದಿ," ಎಂದ ಗೇಟಜ್ಜ.

"ಹೌದು, ಹಳದಿ," ಎಂದ ಡಬ್ಬಿಯಣ್ಣ.

ಸೊಸೆ ಅತ್ತೆಯ ಕೈಯನ್ನು ಗಟ್ಟಿಯಾಗಿ ಒತ್ತಿದಳು. "ಹಳದಿ ತಾತ," ಎಂದಳು ಮೆಲ್ಲಗೆ. ಲ್ಯಾಬಿನಲ್ಲಿ ಯಾವ ಮಗು ತಪ್ಪು ಬಣ್ಣ ಬರೆದರೂ ಬಿಡದವಳು ಅವಳು.

ಬಾಗಿಲಲ್ಲಿ ಕೀ ಗೊಂಚಲಿನ ಸದ್ದು ನಿಂತುಹೋಯಿತು. ಅಳಿಯ ದೀಪ ನೋಡಿದ, ಅವರೆಲ್ಲರ ಮುಖ ನೋಡಿದ, ಮಾವನ ಅಂಗಿ ನೋಡಿದ. ಅವನ ಹುಬ್ಬು ಗಂಟಿಕ್ಕಿತು.

"ಮಾವ, ಇದೇನು ಇವರೆಲ್ಲ..."

"ನೀನು ಸುಮ್ಮನಿರಪ್ಪ." ಯಜಮಾನರು ಕೈಯೆತ್ತಿ ಅವನನ್ನು ತಡೆದರು. ಆಮೇಲೆ ಇನ್ಸ್‌ಪೆಕ್ಟರಮ್ಮ ಇರಬಹುದೆಂದುಕೊಂಡ ಕಡೆಗೆ, ಒಂದು ಮೊಳ ತಪ್ಪಿ, ತಿರುಗಿದರು. "ನನಗೆ ನಂಬಿಕೆ ಇರೋದು ಒಬ್ಬರ ಮಾತಿನ ಮೇಲೆ. ಇನ್ಸ್‌ಪೆಕ್ಟರಮ್ಮ, ನೀವ್ಯಾಕೆ ಸುಮ್ಮನಿದೀರಿ? ದೀಪ ಯಾವ ಬಣ್ಣ ಇದೆ, ನೀವೇ ಹೇಳಿ."

ಹಳದಿ ಎಂದರೆ ಸಾಕ್ಷಿ ನಿಲ್ಲುತ್ತದೆ, ನುಣುಪಕ್ಕ ಜೀಪು ಹತ್ತುತ್ತಾಳೆ. ಕೆಂಪು ಎಂದರೆ ಅವಳು ಇಷ್ಟು ಕಾಲ ಕಾಪಾಡಿದ ಯಜಮಾನರ ಗುಟ್ಟು, ಕಾರ್ಖಾನೆ ಮುಚ್ಚಿಸಲು ಕಾದಿರುವ ಈ ಅಳಿಯನ ಮುಂದೆಯೇ ಒಡೆದುಬೀಳುತ್ತದೆ. ಕೋರ್ಟಿನ ಕಟಕಟೆಯಲ್ಲಿ ಆಕೆಯ ನಾಲಿಗೆ ಒಂದು ಸಲವೂ ಸುಳ್ಳಾಡಿರಲಿಲ್ಲ.

ಹೊರಗೆ ಗೇಟಿನ ಮುಂದೆ ಜೀಪು ಬಂದು ನಿಂತ ಸದ್ದಾಯಿತು.

ನುಣುಪಕ್ಕ ಯಜಮಾನರ ಬೆನ್ನ ಹಿಂದಿನಿಂದ, ಎರಡೂ ಕೈ ಜೋಡಿಸಿ, ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಿದ್ದಳು.

ಇನ್ಸ್‌ಪೆಕ್ಟರಮ್ಮ ಬಾಯಿ ತೆರೆದರು.